ಕಿವಿಯಣ್ಣನ ಮನೆಗೆ ಬಂದ ಎರಡು ಜೋಡಿ ಸ್ಪೀಕರ್

ಸ್ಟುಡಿಯೊದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಹಾಡು, ನಾಟಕ, ಜಾಹೀರಾತು, ಏನೇ ಬರಲಿ, ದನಿಗಳನ್ನು ಹದವಾಗಿ ಬೆರೆಸಿ ಕೊಟ್ಟವನು. ರೆಕಾರ್ಡಿಂಗ್ ಕೇಳುತ್ತಲೇ "ಪಕ್ಕದ ಕೋಣೆ ಫ್ಯಾನ್ ಆರಿಸ್ರಪ್ಪ" ಎನ್ನುತ್ತಿದ್ದ. ಹೋಗಿ ನೋಡಿದರೆ ಫ್ಯಾನ್ ತಿರುಗುತ್ತಲೇ ಇರುತ್ತಿತ್ತು. ಅದರ ಜಂಬವೂ ಇತ್ತೆನ್ನಿ. ಈಗ ಸ್ಟುಡಿಯೊ ಮುಚ್ಚಿದೆ. ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಮುಂದುವರಿಸಬೇಕು, ಇಲ್ಲವೇ ಕೈಕಟ್ಟಿ ಕೂರಬೇಕು.

ಅಂಗಡಿಯವನು ಹಳೆಯ ಪರಿಚಯದ ಮೇಲೆ ಎರಡು ಬಗೆಯ ಸ್ಪೀಕರ್ ಕಳಿಸಿದ್ದ, ಸಂಜೆಯೊಳಗೆ ಒಂದನ್ನು ಆರಿಸಲಿ ಎಂದು. ಒಂದು, ಎದೆಮಟ್ಟದ ಫುಲ್‌ರೇಂಜ್ ಜೋಡಿ. ಕೀರಲಿನಿಂದ ಗುಡುಗಿನವರೆಗೆ ಎಲ್ಲವನ್ನೂ ತಾನೇ ನುಡಿಯುತ್ತದೆ. ಇನ್ನೊಂದು, ಮೇಜಿನ ಮೇಲೆ ಕೂರುವ ಪುಟ್ಟ ಮಾನಿಟರ್ ಸ್ಪೀಕರ್‌ಗಳು, ಜೊತೆಗೆ ತಗ್ಗು ದನಿಗೆಂದೇ ಸಬ್‌ವೂಫರ್ ಡಬ್ಬ.

ದೊಡ್ಡವು ಆ ಕೋಣೆಗೆ ಅತಿಯಾದವು. ಡ್ರಮ್ಮಿನ ಒಂದೇಟಿಗೆ ಕಿಟಕಿ ಗಾಜೆಲ್ಲ ಗಡಗಡ ಎಂದಿತು. ಸಬ್‌ವೂಫರ್‌ಗೆ ಜಾಗ ಹುಡುಕಲು ಕಸುಬಿನವರದೇ ಒಂದು ಕ್ರಮವಿದೆ: ಡಬ್ಬವನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಅಂಬೆಗಾಲಿಟ್ಟು ಅಲೆಯುವುದು, ದನಿ ಎಲ್ಲಿ ಒಂದೇ ಸಮ ಕೇಳುತ್ತದೋ ಡಬ್ಬಕ್ಕೆ ಅಲ್ಲೇ ಜಾಗ. ಅರವತ್ತರ ಮಂಡಿ ಅಯ್ಯೋ ಎನ್ನುತ್ತಿದ್ದರೂ ಅವನು ಗೋಡೆಯಿಂದ ಗೋಡೆಗೆ ತೆವಳಿದ.

"ಮೊಮ್ಮಗೂನೂ ಇಷ್ಟು ಚೆನ್ನಾಗಿ ಅಂಬೆಗಾಲಿಡಲ್ಲ ಕಣ್ರೀ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

"ನಗು, ನಗು. ಸಿಕ್ತು, ಬೀರು ಪಕ್ಕ." ಮೇಜು ಹಿಡಿದು ಎದ್ದ. "ಈ ಚಿಕ್ಕವನ್ನೇ ಇಟ್ಕೋತೀನಿ. ಹಾಡು ನಿಲ್ಲಿಸಿದ್ರೆ ಒಂಚೂರೂ ಸದ್ದಿಲ್ಲ, ನೋಡು."

"ಸದ್ದಿಲ್ವಾ? ಬೆಳಗ್ಗಿಂದ ಸುಯ್ ಅಂತಾನೇ ಇದೆಯಲ್ರೀ. ನಲ್ಲಿ ಬಿಟ್ಟಿದೆ ಅನ್ಕೊಂಡು ಎರಡು ಸಲ ಬಚ್ಚಲಿಗೆ ಹೋಗಿಬಂದೆ. ಆ ಬಲಗಡೇದು."

ಅವನು ಬಲಗಡೆಯದಕ್ಕೆ ಕಿವಿ ತಾಗಿಸಿದ. ಏನೂ ಇಲ್ಲ. ಇನ್ನೊಂದು ಕಿವಿ ಕೊಟ್ಟ. ಬೆನ್ನನ್ನೇ ಮರೆಮಾಡಿಕೊಂಡು, ಅವಳಿಗೆ ಕಾಣದಂತೆ ಪ್ಲಗ್ ಕಿತ್ತ.

"ಈಗ ನಿಂತೋಯ್ತು," ಎಂದಳು.

ಮತ್ತೆ ಚುಚ್ಚಿದ.

"ಬಂತು."

ಒಂದು ವರ್ಷದಿಂದ, ಕೆಲಸ ಕೊಟ್ಟವರು ಒಬ್ಬರಾದ ಮೇಲೊಬ್ಬರು "ಯಾಕೋ ಕಿವಿ ಚುಚ್ಚುತ್ತೆ ಸಾರ್" ಎಂದು ಅವನು ಬೆರೆಸಿ ಕೊಟ್ಟದ್ದನ್ನು ವಾಪಸು ಕಳಿಸುತ್ತಿದ್ದರು. ಇವರಿಗೇನು ಗೊತ್ತು ಮಣ್ಣು ಎಂದು ಬೈದುಕೊಂಡಿದ್ದ. ತನಗೆ ಕೇಳಿಸದ ಕೀರಲು ದನಿಯನ್ನು ಕೇಳಿಸುವವರೆಗೂ ಏರಿಸುತ್ತಾ ಹೋಗಿದ್ದವನು ತಾನೇ.

ಹೆಂಡತಿ ಕುರ್ಚಿಯ ಮೇಲಿನ ಡಬ್ಬವನ್ನು ಕೆಳಗಿಳಿಸಿ ಅವನಿಗೆ ಜಾಗ ಮಾಡಿಕೊಟ್ಟಳು. ಅವನು ಕೂತುಕೊಂಡೇ ಅಂಗಡಿಗೆ ಫೋನ್ ಮಾಡಿದ.

"ಎರಡನ್ನೂ ತಗೊಂಡ್ಹೋಗಿ."

"ಯಾಕಣ್ಣ, ಒಂದೂ ಸರಿಯಿಲ್ವಾ?"

"ಬಲಗಡೆ ಚಿಕ್ಕದರ ತಂತಿ ಒಂದ್ಸಲ ನೋಡಿಸಿ, ಸುಯ್ ಅಂತಿದೆಯಂತೆ," ಎಂದ. "ಮಿಕ್ಕಂತೆ ಸ್ಪೀಕರ್‌ಗಳದ್ದೇನೂ ತಪ್ಪಿಲ್ಲ."