ಜೂಲಿಯಾನಾ ಟೀಚರ್ ಕಲಿಸಿದ ಕೊಲಂಬಿಯಾ

ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಜೂಲಿಯಾನಾ ಸಿದ್ದಿಯವರನ್ನು ಮೊದಲ ಸಲ ನೋಡಿದವರೆಲ್ಲ ಇಂಗ್ಲಿಷಿನಲ್ಲೇ ಮಾತು ಶುರುಮಾಡುತ್ತಿದ್ದರು. “ನಾ ಹಳಿಯಾಳದಾಕಿರೀ, ಕನ್ನಡ ಬರ್ತದ” ಎಂದರೆ ಬಾಯಿ ತೆರೆದು ನಿಲ್ಲುತ್ತಿದ್ದರು. ಎಂದೋ ಆಫ್ರಿಕಾದಿಂದ ಬಂದ ಸಿದ್ದಿಗಳು ಉತ್ತರ ಕನ್ನಡದಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದಾರೆಂದು ನಮ್ಮ ಇಂಜಿನಿಯರುಗಳಿಗೂ ಡಾಕ್ಟರುಗಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ ಬಿಡಿ. ಗೊತ್ತಾದ ಮೇಲೂ “ನಿಜವಾಗ್ಲೂ ನಮ್ಮೋರಾ?” ಎಂದು ಪಿಸುಗುಡುತ್ತಿದ್ದರಲ್ಲ, ಅದಕ್ಕೆ ನನಗೆ ಮೈ ಉರಿಯುತ್ತಿತ್ತು.

ಜೂಲಿಯಾನಾ ಓಟದ ಬಲದಿಂದ ಕಾಲೇಜು ಸೇರಿ, ಅದೇ ಬಲದಿಂದ ಅಮೆರಿಕಕ್ಕೆ ಬಂದು, ಇಲ್ಲಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದರು. 2009ರಲ್ಲಿ ಆ ಕೆಲಸ ಹೋಯಿತು. ಆ ವರ್ಷ ಲೇಆಫ್ ಎಂಬ ಮಾತು ಯಾರ ಮನೆ ಹೊಕ್ಕಿರಲಿಲ್ಲ ಹೇಳಿ? ಉಳಿದವರು ಮುಖ ಊದಿಸಿಕೊಂಡು ಕೂತರೆ, ಈಕೆ ಭಾನುವಾರದ ಮಕ್ಕಳಿಗೆ ಹೊಸ ಪಾಠ ಶುರುಮಾಡಿದರು: ಕೊಲಂಬಿಯಾದಲ್ಲಿರುವ ಆಫ್ರಿಕನ್ ಮೂಲದವರ ಬದುಕು. ಕನ್ನಡ ಶಾಲೆಯಲ್ಲಿ ಕೊಲಂಬಿಯಾ ಯಾಕೆ ಎಂದು ಗೊಣಗಿದವರಿದ್ದರು.

ಯಾಕೆಂದು ನನಗೆ ಗೊತ್ತಿತ್ತು. ಅವರ ಮಗಳು, ಒಂಬತ್ತು ವರ್ಷದ ಅನುಷ್ಕಾ, ಫೋಟೋ ಎಂದರೆ ಹಿಂದಿನ ಸಾಲಿಗೆ ಸರಿಯುವ ಹುಡುಗಿ. ಯಾರಾದರೂ ಮಾತಾಡಿಸಿದರೆ ಅಮ್ಮನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದಳು.

ಜೂಲಿಯಾನಾ ತಾವು ಕೆಲಸಕ್ಕಿದ್ದ ಶಾಲೆಯ ಗೆಳತಿ ಮಾರ್ಲೆನಿಯ ಜೊತೆ ಒಮ್ಮೆ ಕೊಲಂಬಿಯಾದ ಆಕೆಯ ಹಳ್ಳಿಗೆ ಹೋಗಿ ಬಂದಿದ್ದರು. ಪೆಸಿಫಿಕ್ ತೀರದಲ್ಲಿ, ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕನ್ನರ ಸಂತತಿ ಕಟ್ಟಿಕೊಂಡ ಊರು. ತಿಮಿಂಗಿಲ ನೋಡಲು ಬರುವವರಿಗೆ ವಸತಿ, ತೆಂಗಿನಹಾಲಿನ ಮೀನುಸಾರು, ದೋಣಿ, ಎಲ್ಲ ಊರಿನವರದೇ. ಎಷ್ಟು ಜನ ಬರಬಹುದು, ಎಲ್ಲಿ ಕಾಲಿಡಬಾರದು ಎಂಬುದನ್ನೂ ಊರಿನವರೇ ಕೂತು ತೀರ್ಮಾನಿಸುತ್ತಾರೆ. ಮರಿಯ ಜೊತೆಗಿರುವ ತಿಮಿಂಗಿಲ ಕಂಡರೆ ದೂರದಲ್ಲೇ ಇಂಜಿನ್ ನಿಲ್ಲಿಸುತ್ತಾರೆ. ಇದನ್ನೆಲ್ಲ ಮಕ್ಕಳಿಗೆ ಚಿತ್ರ ತೋರಿಸಿ ಹೇಳುತ್ತಿದ್ದರು. ಒಂದು ಚಿತ್ರದಲ್ಲಿ ದೋಣಿಯ ಮುಂದೆ ನಿಂತ ಕಪ್ಪು ಹೆಂಗಸೊಬ್ಬಳು, ಸದ್ದು ಮಾಡಬೇಡಿ ಎಂದು ಬಿಳಿಯ ಪ್ರವಾಸಿಗರಿಗೆ ತಾಕೀತು ಮಾಡುತ್ತಿದ್ದಳು.

“ಈಸ್ ಶೀ ದ ಬಾಸ್?” ಎಂದು ಕೇಳಿದಳು ಅನುಷ್ಕಾ.

“ಹೌದವಾ, ಆಕೀನ ಬಾಸ್.”

ರಾಜ್ಯೋತ್ಸವಕ್ಕೆ ಮಕ್ಕಳು ಆ ಹಳ್ಳಿಯನ್ನೇ ನಾಟಕ ಮಾಡುವುದೆಂದಾಯಿತು. ದೋಣಿಯವಳ ಪಾತ್ರ ನನಗೇ ಬೇಕು ಎಂದು ಅನುಷ್ಕಾ ಹಟ ಹಿಡಿದಳು. ಅವತ್ತು ಪಾರ್ಕಿಂಗ್ ಲಾಟಿನಲ್ಲಿ ಜೂಲಿಯಾನಾ ನನ್ನ ಕೈ ಹಿಡಿದು ಅತ್ತೇಬಿಟ್ಟರು. “ಒಮ್ಮೆ ಅಕಿ ಸ್ಟೇಜಿನ ಮ್ಯಾಲೆ ಎಲ್ಲಾರ ಮುಂದ ನಿಂತ್ರ ಸಾಕ್ರೀ. ಕೆಲಸ ಇವತ್ತಲ್ಲ ನಾಳೆ ಸಿಗ್ತದ. ಇದು ಮತ್ತ ಸಿಗೂದಿಲ್ಲ.”

ಹಾಲ್ ಬಾಡಿಗೆ ಕೊಡಲು ನಮ್ಮ ಕನ್ನಡ ಸಂಘದಲ್ಲಿ ಆ ವರ್ಷ ಕಾಸಿರಲಿಲ್ಲ. ಕರುಣಾಕರ ಎಂಬವರು ಓಲ್ಡ್ ಬ್ರಿಡ್ಜ್ ಎಂಬ ಊರಿನ ತಮ್ಮ ಹೋಟೆಲಿನ ಹಾಲನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಮೇಕಪ್ಪಿನವರೂ ಇಲ್ಲದ್ದರಿಂದ ಸಂಘದ ಕಾರ್ಯದರ್ಶಿ ತ್ರಿಪುರಸುಂದರಿ ಆ ಕೆಲಸವನ್ನು ತಾವೇ ಮೈಮೇಲೆ ಎಳೆದುಕೊಂಡರು. ಜೂಲಿಯಾನಾ ಮತ್ತು ನಾನು ಸೌಂಡಿನವನಿಗೆ ಸಿ.ಡಿ. ಕೊಟ್ಟು ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳ ಮುಖಕ್ಕೂ ಕೈಗೂ ಕಪ್ಪು ಬಣ್ಣ ಮೆತ್ತಿತ್ತು. ತುಟಿಗೆ ದಪ್ಪ ಕೆಂಪು, ಸೊಂಟಕ್ಕೆ ಕಾಗದದ ಎಲೆ. ಋಷಿ ಎಂಬ ಹುಡುಗ ಕನ್ನಡಿಯ ಮುಂದೆ ಹೂ ಹೂ ಎಂದು ಕುಣಿಯುತ್ತಿದ್ದ.

“ಹೇಗಿದೆ ಟೀಚರ್? ಅಥೆಂಟಿಕ್ ಆಗಿರ್ಲಿ ಅಂತ ನಾನೇ ಮಾಡ್ದೆ,” ಎಂದರು ತ್ರಿಪುರಸುಂದರಿ. ಆಮೇಲೆ ಅನುಷ್ಕಾಳ ಕೆನ್ನೆ ಚಿವುಟಿ, “ಇವಳಿಗೆ ಮಾತ್ರ ಏನೂ ಹಚ್ಲಿಲ್ಲಪ್ಪ. ಇವಳು ರೆಡಿಮೇಡ್!” ಎಂದರು.

ಮಕ್ಕಳು ಗೊಳ್ಳೆಂದು ನಕ್ಕರು. ತ್ರಿಪುರಸುಂದರಿ ಕೆಟ್ಟ ಹೆಂಗಸಲ್ಲ. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಕುಡಿಯದೆ ದುಡಿದಿದ್ದರು. ಮನಸಾರೆ ಬೈಯುವುದಕ್ಕೂ ಬಿಡುವುದಿಲ್ಲ ಇಂಥವರು!

ಜೂಲಿಯಾನಾ ಕೂಗಾಡಲಿಲ್ಲ. “ಹಿಂಗ ಹೋಗೂದಿಲ್ಲ ನನ್ನ ಮಕ್ಕಳು,” ಎಂದರು.

“ಅಯ್ಯೋ, ನೆಕ್ಸ್ಟ್ ಐಟಮ್ ನಿಮ್ದೇ ಕಣ್ರೀ! ಕರುಣಾಕರ್ ಅವ್ರು ಏನಂದ್ಕೋತಾರೆ?”

“ಏನರ ಅನ್ಕೊಳ್ಳಿ.”

ನಾನು ಹೋಟೆಲಿನ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದುಕೊಟ್ಟೆ. ಜೂಲಿಯಾನಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಬ್ಬೊಬ್ಬರ ಮುಖ ಒರೆಸತೊಡಗಿದರು. ಸಿಟ್ಟನ್ನು ಮಕ್ಕಳ ಕೆನ್ನೆಯ ಮೇಲೆ ತೋರಿಸಲಿಲ್ಲ, ಮೆತ್ತಗೇ ಒರೆಸಿದರು. ಕಪ್ಪು ಹೋಗಿ ಗೋಧಿಬಣ್ಣದ ಮುಖಗಳು ಹೊರಬಂದವು. “ಆಲ್ ಕ್ಲೀನ್!” ಎಂದು ಋಷಿ ಕೆನ್ನೆ ಸವರಿಕೊಂಡು ಓಡಿದ.

ಕೊನೆಯ ಹುಡುಗಿ ಪಕ್ಕಕ್ಕೆ ಸರಿದಾಗ ಅವಳ ಹಿಂದೆ ಅನುಷ್ಕಾ ನಿಂತಿದ್ದಳು. ಯಾವಾಗ ಬಂದು ಸಾಲಿನಲ್ಲಿ ಸೇರಿಕೊಂಡಳೋ ನಾವು ನೋಡಿರಲಿಲ್ಲ. ಅವಳು ಕಣ್ಣು ಮುಚ್ಚಿ ಮುಖ ಮುಂದಕ್ಕೆ ಚಾಚಿದಳು.

“ನಿನಗ ಯಾರೂ ಏನೂ ಹಚ್ಚಿಲ್ಲವಾ,” ಎಂದರು ಜೂಲಿಯಾನಾ. “ಒರಸಾಕ ಏನೂ ಇಲ್ಲ.”

ಅನುಷ್ಕಾ ಕಣ್ಣು ತೆರೆಯಲಿಲ್ಲ.

“ಜಸ್ಟ್ ಟ್ರೈ, ಮಮ್ಮಿ.”