ಪಾಸ್ ಕ್ಲಾಸಿನ ಭಯ

ನಡೆದದ್ದು ಇಷ್ಟೇ. ನನ್ನ ಮೊಮ್ಮಗಳು ಅನ್ವಿತಾ ಹೊತ್ತುಕೊಂಡಿದ್ದ ನಾಲ್ಕು ಆನರ್ಸುಗಳಲ್ಲಿ ಎರಡನ್ನು ಇಳಿಸಿದಳು, ಮತ್ತು ಗೆದ್ದಳು. ಅವಳಿಗೆ ತಲೆ ಕೆಟ್ಟಿರಲಿಲ್ಲ, ದೃಷ್ಟಿ ತಾಗಿರಲಿಲ್ಲ, ಯಾವ ಹುಡುಗನ ಹಿಂದೆಯೂ ಬಿದ್ದಿರಲಿಲ್ಲ. ದೋಹಾದಲ್ಲಿರುವ ನಮ್ಮ ಊರಿನವರು ಫೋನಿನಲ್ಲಿ ಈ ಮೂರನ್ನೂ ಆಡಿಕೊಂಡದ್ದರಿಂದ ಮೊದಲೇ ಬರೆದುಬಿಡುತ್ತಿದ್ದೇನೆ.

ಆನರ್ಸ್ ಎಂದರೇನು ಎಂದು ನನ್ನಂಥವಳು ವಿವರಿಸುವುದು ಸ್ವಲ್ಪ ತಮಾಷೆಯೇ. ನಾನು ಐದನೇ ಕ್ಲಾಸಿನವರೆಗೆ ಹೋದವಳು. ಆಮೇಲೆ ಸಣ್ಣ ತಮ್ಮನನ್ನು ಎತ್ತಿಕೊಳ್ಳಲು ಜನ ಬೇಕೆಂದು ಮನೆಯಲ್ಲೇ ಇರಿಸಿಕೊಂಡರು. ಆದರೆ ಊಟದ ಮೇಜಿನ ಮೇಲೆ ವರ್ಷಗಟ್ಟಲೆ ಒಂದೇ ಮಾತು ಕೇಳಿದರೆ ಕಲ್ಲಿಗೂ ಅರ್ಥವಾಗುತ್ತದೆ. ಅವಳದ್ದು ಅಮೆರಿಕದ ಪಾಠ ಹೇಳಿಕೊಡುವ ಶಾಲೆ. ಅಲ್ಲಿ ಒಂದೇ ವಿಷಯವನ್ನು ಎರಡು ಬಗೆಯಲ್ಲಿ ಬಡಿಸುತ್ತಾರೆ. ರೆಗ್ಯುಲರ್ ಎಂದರೆ ಮನೆಯ ಊಟ. ಆನರ್ಸ್ ಎಂದರೆ ಮದುವೆಯ ಊಟ. ತಿನ್ನಲಿಕ್ಕಾಗಲಿ ಆಗದಿರಲಿ, ಎಲೆ ತುಂಬಿರಬೇಕು. ಅನ್ವಿತಾ ಗಣಿತ, ಚರಿತ್ರೆ, ಫಿಸಿಕ್ಸ್, ಕೆಮಿಸ್ಟ್ರಿ ನಾಲ್ಕರಲ್ಲೂ ಮದುವೆಯ ಊಟಕ್ಕೆ ಕೂತಿದ್ದಳು. ಮೊದಲಿನ ಎರಡು ಅವಳಿಗೆ ಇಷ್ಟವೆಂದು. ಕೊನೆಯ ಎರಡು, ಇಲ್ಲೇ ಅಬು ಹಮೂರಿನಲ್ಲಿರುವ ನಮ್ಮ ಊರಿನ ಸುಮತಿಯ ಮಗ ತೆಗೆದುಕೊಂಡಿದ್ದಾನೆಂದು.

ಈ ಹುಡುಗಿಗೆ ಹಳೆಯ ಮನೆಗಳ ಹುಚ್ಚು. ಇಲ್ಲಿನ ಎತ್ತರದ ಗಾಜಿನ ಕಟ್ಟಡಗಳನ್ನು ಅವಳು ತಲೆಯೆತ್ತಿಯೂ ನೋಡುವುದಿಲ್ಲ. ದೋಹಾದ ಹೊರಗೆ ಉಮ್ಮ್ ಸಲಾಲ್ ಕಡೆ ಹೋದರೆ ಮಾತ್ರ, ಬಿದ್ದ ಗೋಡೆಯೊಂದರ ಮುಂದೆ ನಿಂತು, ಇದು ಕಲ್ಲು, ಇದು ಸಮುದ್ರದ ಕಲ್ಲು, ಇಲ್ಲಿ ಗಾಳಿ ಒಳಗೆ ಬರಲಿಕ್ಕೆ ಸಂದು ಬಿಟ್ಟಿದ್ದಾರೆ ಎಂದು ನನಗೆ ಪಾಠ ಮಾಡುತ್ತಾಳೆ. ನಾನು ನೆರಳು ಎಲ್ಲಿದೆಯೆಂದು ನೋಡುತ್ತೇನೆ. ಅವಳಿಗೆ ಬೇಕಾದ ಕಾಲೇಜುಗಳಲ್ಲಿ ಇಂಥದ್ದನ್ನೇ ಓದಿಸುತ್ತಾರಂತೆ. ಅರ್ಜಿ ಹಾಕುವವರು ಸ್ವಂತದ ಒಂದು ಕೆಲಸವನ್ನೂ ಮಾಡಿ ಕಳಿಸಿದರೆ ಒಳ್ಳೆಯದಂತೆ. ಹಳೆಯ ಮನೆಗಳ ಬಗ್ಗೆ ಬರೆಯುತ್ತೇನೆಂದು ಬೇಸಿಗೆ ರಜೆಯಲ್ಲೇ ಹೇಳಿದ್ದಳು. ಶಾಲೆ ಶುರುವಾದ ಮೇಲೆ ಒಂದು ಸಾಲನ್ನೂ ಬರೆಯಲಿಲ್ಲ. ಕೆಮಿಸ್ಟ್ರಿ ಪುಸ್ತಕದ ಮೇಲೆ ಕೆನ್ನೆ ಇಟ್ಟು ನಿದ್ದೆ ಹೋಗುತ್ತಿದ್ದಳು. ಬಾಚಣಿಗೆಯ ತುಂಬ ಕೂದಲು. ಅವಳಮ್ಮ ಶೋಭಾ ಎಣ್ಣೆ ಬದಲಾಯಿಸಿದಳು. ಎಣ್ಣೆಯದ್ದೇನು ತಪ್ಪು?

ಒಂದು ದಿನ ಊಟಕ್ಕೆ ಕೂತಾಗ ಹುಡುಗಿ ಹೇಳಿಯೇಬಿಟ್ಟಳು.

"ಪಪ್ಪಾ, ನಾನು ಫಿಸಿಕ್ಸ್, ಕೆಮಿಸ್ಟ್ರಿ ರೆಗ್ಯುಲರಿಗೆ ಹೋಗ್ತೇನೆ. ಅಪ್ಲೈ ಮಾಡುವ ಮೊದಲು ಚೇಂಜ್ ಮಾಡ್ಬೇಕು. ಸಂಡೇ ಲಾಸ್ಟ್."

ನನ್ನ ಮಗ ದಿನೇಶ ಮೀನಿನ ಮುಳ್ಳನ್ನು ಬಾಯಲ್ಲೇ ಇಟ್ಟುಕೊಂಡು ಕೇಳಿದ: "ಅಂದ್ರೆ ಪಾಸ್ ಕ್ಲಾಸಾ?"

ಈ ಪಾಸ್ ಕ್ಲಾಸಿನ ವಿಷಯ ಹೇಳಲೇಬೇಕು. ದಿನೇಶ ಬಿ.ಕಾಂ. ಓದಿದ ಕಾಲಕ್ಕೆ ನಮ್ಮ ಕಡೆ ಡಿಗ್ರಿಯಾದವರಲ್ಲಿ ಮೂರು ಜಾತಿ: ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಪಾಸ್ ಕ್ಲಾಸ್. ಫಸ್ಟ್ ಕ್ಲಾಸಿನವನನ್ನು ಮನೆಯವರು ಕರೆದು ಪರಿಚಯಿಸುತ್ತಿದ್ದರು. ಸೆಕೆಂಡ್ ಕ್ಲಾಸಿನವನು ತಾನಾಗಿ ಬಂದು ನಿಲ್ಲುತ್ತಿದ್ದ. ಪಾಸ್ ಕ್ಲಾಸಿನವನನ್ನು ಚಾ ತರಲು ಒಳಗೆ ಕಳಿಸುತ್ತಿದ್ದರು. ನನ್ನ ಮೈದುನನೊಬ್ಬ ಪಾಸ್ ಕ್ಲಾಸ್. ಮದುವೆಯ ಕಾಗದದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದ. ಓದಿದವರೆಲ್ಲ ಅದರ ಪಕ್ಕ ಇನ್ನೆರಡು ಶಬ್ದಗಳನ್ನು ಮನಸ್ಸಿನಲ್ಲೇ ಸೇರಿಸಿಕೊಂಡರು. ದಿನೇಶ ಈ ದೇಶಕ್ಕೆ ಬಂದು ತಲೆ ನರೆತಿದೆ. ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತಾನೆ, ಅರಬಿಯಲ್ಲಿ ಜಗಳವನ್ನೂ ಆಡುತ್ತಾನೆ. ಆದರೂ ರೆಗ್ಯುಲರ್ ಎಂದ ಕೂಡಲೇ ಅವನ ಕಣ್ಣಿಗೆ ಕಂಡದ್ದು ಚಾ ಟ್ರೇ ಹಿಡಿದ ಚಿಕ್ಕಪ್ಪ.

ಇನ್ನೊಂದು ತೊಂದರೆಯೂ ಇತ್ತು. ಶುಕ್ರವಾರ ನಮ್ಮ ಕೆಲವು ಮನೆಯವರು ಒಂದೆಡೆ ಸೇರಿ ಉಣ್ಣುವ ಪದ್ಧತಿಯುಂಟು. ಒಬ್ಬರು ಪುಂಡಿ, ಒಬ್ಬರು ಕೋಳಿ ಗಸಿ, ಒಬ್ಬರು ಪಾಯಸ. ಉಂಡಾದ ಮೇಲೆ ಮಕ್ಕಳ ಓದು. ಅಲ್ಲಿ ದಿನೇಶ ಆಗಲೇ "ನಮ್ಮವಳಿಗೆ ನಾಲ್ಕು ಆನರ್ಸ್" ಎಂದು ಹೇಳಿಯಾಗಿತ್ತು. ಬಡಿಸಿದ್ದನ್ನು ವಾಪಸು ಪಾತ್ರೆಗೆ ಹಾಕುವುದು ಹೇಗೆ?

ಆ ವಾರ ಮದೀನತ್ ಖಲೀಫಾದ ನಮ್ಮ ಮನೆ ಸೂತಕದ ಮನೆಯಂತಿತ್ತು. ಶೋಭಾ, "ಅತ್ತೆ, ನೀವಾದ್ರೂ ಅವಳಿಗೆ ಬುದ್ಧಿ ಹೇಳಿ" ಎಂದಳು.

"ಬುದ್ಧಿ ಅವಳಿಗೆ ಉಂಟು. ನಿದ್ದೆ ಇಲ್ಲ," ಎಂದೆ. ಶೋಭಾ ಎರಡು ದಿನ ನನ್ನ ಚಾಕ್ಕೆ ಸಕ್ಕರೆ ಕಡಿಮೆ ಹಾಕಿದಳು.

ಗುರುವಾರ ಶಾಲೆಯಲ್ಲಿ ಕಾಲೇಜಿನ ವಿಷಯ ನೋಡಿಕೊಳ್ಳುವ ಮೇಡಂ ಕರೆದಿದ್ದರು. ಲೆಬನಾನಿನ ಹೆಂಗಸು, ಚಂದದ ಮೂಗು. ಕಾರಿನಲ್ಲಿ ಜಾಗವಿತ್ತೆಂದು ನಾನೂ ಹೋದೆ. ದಿನೇಶ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದ: ರೆಗ್ಯುಲರ್ ಅಂದರೆ ಪಾಸ್ ಕ್ಲಾಸ್ ಅಲ್ಲ ಎಂದು ಬರೆದು ಕೊಡುತ್ತೀರಾ?

ಮೇಡಂ ಅವನನ್ನು ನೋಡಿದರು, ಅನ್ವಿತಾಳನ್ನು ನೋಡಿದರು, ಯಾಕೋ ನನ್ನನ್ನೂ ನೋಡಿದರು. ಅಂಥದ್ದೊಂದು ಕ್ಲಾಸು ಲೋಕದಲ್ಲಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಅವರು ಹೇಳಿದ್ದನ್ನು ಅನ್ವಿತಾ ನನ್ನ ಕಿವಿಯಲ್ಲಿ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. ಹೆಚ್ಚಿನ ಮಕ್ಕಳು ಓದುವುದೇ ರೆಗ್ಯುಲರ್. ಅದು ಶಿಕ್ಷೆಯಲ್ಲ. ಬಿಟ್ಟದ್ದನ್ನು ಕಾಲೇಜಿನವರು ನೋಡುತ್ತಾರೆ, ಬಿಟ್ಟು ಏನು ಮಾಡಿದಳು ಎಂದೂ ನೋಡುತ್ತಾರೆ. ಸೀಟು ಸಿಗುತ್ತದೆಂದು ಮಾತ್ರ ಯಾರೂ ಮಾತು ಕೊಡಲಾರರು.

ವಾಪಸು ಬರುವಾಗ ದಿನೇಶನ ಮುಖ ಅರ್ಧ ತಿಳಿಯಾಗಿತ್ತು. "ಗ್ಯಾರಂಟಿ ಮಾಫಿ, ಅಮ್ಮ," ಎಂದ. ಮಾಫಿ ಎಂದರೆ ಇಲ್ಲಿನ ಅರಬಿಯಲ್ಲಿ 'ಇಲ್ಲ'.

"ನಾಲ್ಕು ಹೊತ್ತರೆ ಗ್ಯಾರಂಟಿ ಉಂಟಾ?"

ಸಿಗ್ನಲಿನಲ್ಲಿ ಕೆಂಪು ದೀಪ ಬಂತು. ಅವನು ಬ್ರೇಕು ಒತ್ತಿದ. "ಶುಕ್ರವಾರ ಎಂತ ಹೇಳುದು?"

"ಎಂತದೂ ಹೇಳಬೇಡ. ಕೋಳಿ ತಿಂದು ಬಾ."

ಹಿಂದಿನ ಸೀಟಿನಿಂದ ಅನ್ವಿತಾ, "ಪಪ್ಪಾ, ನಾನು ಹೇಳ್ತೇನೆ," ಎಂದಳು.

ಆ ಶುಕ್ರವಾರದ ಊಟ ಸುಮತಿಯ ಮನೆಯಲ್ಲಿ. ಪಾಯಸ ಬಂದಾಗ ಸುಮತಿ ಶುರುಮಾಡಿದಳು, "ಅನ್ವಿ, ನಾಲ್ಕು ಆನರ್ಸ್ ಹೇಗೆ ನಡೀತಾ ಉಂಟು?"

ಶೋಭಾ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದಳು. ಪಾಯಸಕ್ಕೆ ಉಪ್ಪಿನಕಾಯಿ ಯಾರಿಗೆ ಬೇಕಿತ್ತೋ!

"ಎರಡು, ಆಂಟಿ. ಎರಡು ಬಿಡ್ತಾ ಇದ್ದೇನೆ."

"ಅಯ್ಯೋ ಪಾಪ. ಆಗ್ಲಿಲ್ವಾ ಮಗಾ?"

ಈ 'ಪಾಪ' ನನಗೆ ಚೆನ್ನಾಗಿ ಗೊತ್ತು. ಮೇಲೆ ಬೆಣ್ಣೆ, ಒಳಗೆ ಕಲ್ಲು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯೇ ಹೇಳಿದಳು:

"ಆಗ್ತಿತ್ತು ಆಂಟಿ. ಬೇಡ ಅಂತ ಬಿಟ್ಟೆ."

ನೆಟ್ಟಗೆ ಕೂತು, ಪಾಯಸದ ಚಮಚ ಕೈಯಲ್ಲಿಟ್ಟುಕೊಂಡೇ ಹೇಳಿದಳು. ಹಳೆಯ ಮನೆಗಳ ಕೆಲಸ ಮಾಡಲಿಕ್ಕುಂಟು, ಅದಕ್ಕೆ ಹೊತ್ತು ಬೇಕು ಎಂದಳು. ಅಷ್ಟು ಉದ್ದದ ಕನ್ನಡ ಅವಳ ಬಾಯಿಂದ ನಾನು ಕೇಳಿದ್ದು ಅಂದೇ ಮೊದಲು. ಆಗ ದಿನೇಶ, ಪಾಸ್ ಕ್ಲಾಸಿಗೆ ಹೆದರಿದ್ದ ಅದೇ ದಿನೇಶ, ಎದೆಯುಬ್ಬಿಸಿ, "ಹೌದು, ಬೇಡ ಅಂತ ಬಿಟ್ಟದ್ದು ಅವಳು," ಎಂದ. ಮೊದಲಿನಿಂದಲೂ ತನ್ನದೇ ಸಲಹೆಯೇನೋ ಎನ್ನುವ ಹಾಗೆ! ಇರಲಿ. ಗೆಲುವಿನ ದಿನ ಸ್ವಲ್ಪ ಸುಳ್ಳನ್ನು ನಾನೂ ಬಿಡುತ್ತೇನೆ.

ಕೈ ತೊಳೆಯುವಲ್ಲಿ ಸುಮತಿ ನನ್ನ ಪಕ್ಕ ಬಂದಳು. ಈ ಸಲ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಗಿರಿಜಕ್ಕ, ನಮ್ಮವನಿಗೂ ಒಂದು ಬಿಡಿಸಿದ್ರೆ ಹೇಗೆ? ಈಗೀಗ ಊಟವೇ ಸೇರುದಿಲ್ಲ ಅವನಿಗೆ."

"ನನ್ನನ್ನು ಕೇಳಬೇಡ. ಅವನನ್ನು ಕೇಳು," ಎಂದೆ. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ ಎಂದು ಮುಖ ನೋಡಿ ತಿಳಿಯಿತು.

ನಮ್ಮವರಿಗೆ ಹಿಡಿಯುವುದನ್ನು ಕಲಿಸಿದ್ದಾರೆ, ಬಿಡುವುದನ್ನು ಯಾರೂ ಕಲಿಸಿಲ್ಲ. ಕೈ ಸೋತು ಬಿದ್ದದ್ದೂ ನೋಡಿ ಕೆಳಗಿಟ್ಟದ್ದೂ ನಮ್ಮ ಕಣ್ಣಿಗೆ ಒಂದೇ. ನಾನು ಶಾಲೆ ಬಿಟ್ಟದ್ದು ಬಿಟ್ಟದ್ದಲ್ಲ, ಬಿಡಿಸಿದ್ದು. ಇವಳು ತಾನೇ ಬಿಟ್ಟಳು. ಕಾಲೇಜಿನ ಉತ್ತರ ಇನ್ನೂ ಬಂದಿಲ್ಲ. ಬಂದಾಗ ಬರಲಿ, ನನಗೆ ಬೇಕಾದ ಉತ್ತರ ಪಾಯಸದ ಜೊತೆ ಬಂದಾಗಿದೆ.

ಮರುದಿನ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಅಪ್ಪ ಮಗಳಿಬ್ಬರನ್ನೂ ಎಬ್ಬಿಸಿ ಕಾರು ಹತ್ತಿಸಿದೆ. ಉಮ್ಮ್ ಸಲಾಲಿನ ಒಂದು ಮುರುಕು ಮನೆಯ ಮುಂದೆ ಇಳಿದು, ದಿನೇಶನ ಕೈಯಿಂದ ಫೋನು ಕಿತ್ತುಕೊಂಡು, ಅಳತೆ ಟೇಪಿನ ಒಂದು ತುದಿ ಕೊಟ್ಟೆ. ಇನ್ನೊಂದು ತುದಿಯನ್ನು ನಾನು ಗೋಡೆಗೆ ಒತ್ತಿ ಹಿಡಿದೆ. "ಅಜ್ಜಿ, ಸ್ವಲ್ಪ ಮೇಲೆ," ಎಂದಳು ಹುಡುಗಿ. ಮೊಣಕಾಲು ಬೇಡವೆಂದಿತು. ಮೇಲೆ ಹಿಡಿದೆ. ಅವಳು ಬರೆದುಕೊಂಡಳು.