ಸುಧಾಕರ ಕಟ್ಟಿದ ಮನೆಯ ಹಿಂಬಾಗಿಲು

ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತೆರಡು ವರ್ಷ ಎಂಜಿನಿಯರ್ ಆಗಿದ್ದು ನಿವೃತ್ತಳಾದ ಮರುವರ್ಷದ ಮಾತು. ಶೃಂಗೇರಿಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಮನೆ ಕೊಳ್ಳುವವರಿಗೆ ಕಟ್ಟಡ ಪರೀಕ್ಷಿಸಿ ವರದಿ ಬರೆದುಕೊಡುವ ಕೆಲಸ ಶುರುಮಾಡಿದ್ದೆ. ನಮ್ಮ ಕಡೆ ಮನೆ ಕೊಳ್ಳುವವರು ಬಾವಿ ನೀರಿನ ರುಚಿ ನೋಡುತ್ತಾರೆ, ವಾಸ್ತು ಕೇಳುತ್ತಾರೆ, ದಾಖಲೆಗಳನ್ನು ವಕೀಲರಿಗೆ ತೋರಿಸುತ್ತಾರೆ. ಕಟ್ಟಡವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಆದ್ದರಿಂದ ಮೊದಲ ಎಂಟು ತಿಂಗಳಲ್ಲಿ ನನ್ನನ್ನು ಹುಡುಕಿಕೊಂಡು ಬಂದವರು ಮೂರೇ ಜನ. ಮೂರನೆಯವರು ಲಲಿತಾ.

ಲಲಿತಾ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವರು. ಕ್ವಾರ್ಟರ್ಸ್, ಇಲ್ಲವೇ ಬಾಡಿಗೆ ಮನೆ. ಸ್ವಂತ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಕೊಪ್ಪದ ಹೊರವಲಯದಲ್ಲಿ, ಗುಡ್ಡ ಕಡಿದು ಮಾಡಿದ ಸೈಟಿನಲ್ಲಿ ಎದ್ದ ಹೊಸ ತಾರಸಿ ಮನೆಯೊಂದು ಅವರ ಮನಸ್ಸಿಗೆ ಬಂದಿತ್ತು. ಸೋಮವಾರ ರಿಜಿಸ್ಟ್ರೇಷನ್. ಶುಕ್ರವಾರ ಮಧ್ಯಾಹ್ನ ನನ್ನ ಜಗುಲಿಯಲ್ಲಿ ಕೂತು, ಏನೋ ತಪ್ಪು ಮಾಡಿದವರ ಹಾಗೆ ಮಾತಾಡಿದರು.

"ತಂಗಿ ಒತ್ತಾಯ ಮಾಡಿದ್ಲು ಅಂತ ಬಂದೆ ಮೇಡಂ. ಮೊನ್ನೆ ಆ ಮನೆ ಕಟ್ಟಿ ಮಾರ್ತಿರೋರ ಮನೇಲೇ ಊಟ ಮಾಡಿದೀನಿ. ಅವರ ಹೆಂಡ್ತಿ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಕಳ್ಸಿದಾರೆ. ಈಗ ಎಂಜಿನಿಯರ್ ಕರ್ಕೊಂಡು ಹೋದ್ರೆ ಎಂಥ ಅಂದ್ಕೊಳಲ್ಲ ಅವರು?"

ಉಂಡ ಮನೆಯವರನ್ನು ಅನುಮಾನಿಸುವುದು ನಮ್ಮ ಜನಕ್ಕೆ ಕಷ್ಟ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಕಟ್ಟಿದವರು ಯಾರು ಎಂದು ಕೇಳಿದೆ. ಸುಧಾಕರ ಎಂದರು.

ಈ ಸುಧಾಕರನ ಋಣ ನನ್ನ ಮೇಲೆ ಹಳೆಯದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಿಗ್ಗದ ಕಡೆಯ ಶಾಲೆಯೊಂದಕ್ಕೆ ಅವನು ಎರಡು ಕೋಣೆ ಕಟ್ಟಿದ್ದ. ಕಾಂಕ್ರೀಟ್ ತೊಲೆಯನ್ನು ಮೊಳೆಯಿಂದ ಗೀರಿದರೆ ಮರಳು ಉದುರುತ್ತಿತ್ತು. ಮಕ್ಕಳು ಕೂರುವ ಜಾಗ. ನಾನು ಅಳತೆ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಆ ಸಹಿಯಿಲ್ಲದೆ ಗುತ್ತಿಗೆದಾರನ ಬಿಲ್ಲು ಮುಂದೆ ಹೋಗದು. ತಿಂಗಳೊಳಗೆ ನನ್ನನ್ನು ಕಲಬುರಗಿ ಕಡೆಗೆ ಎತ್ತಿ ಹಾಕಿಸಿದ. "ಹೆಂಗಸ್ರಿಗೆ ಅಡುಗೆಮನೆ ಅಳತೆ ಗೊತ್ತಿದ್ರೆ ಸಾಕು" ಎಂದು ಹೋಟೆಲಿನಲ್ಲಿ ಕೂತು ನಕ್ಕನಂತೆ. ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. ಸುದ್ದಿ ತಿಳಿದು ನಾನು ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಬಾಯಿಗೆ ಒಂದು ಚಮಚ ನೀರು ಬಿಡಲಾಗಲಿಲ್ಲ. ಅವತ್ತಿನಿಂದ ನಾನು ಸುಧಾಕರನಿಗೆ ಕೆಟ್ಟದಾಗಲಿ ಎಂದು ಹಾರೈಸುತ್ತಲೇ ಇದ್ದೆ. ಮುಚ್ಚಿಡುವುದೇಕೆ?

ನಾಳೆ ಬೆಳಿಗ್ಗೆಯೇ ಬರುತ್ತೇನೆ ಎಂದೆ. ಅವನ ಮರ್ಯಾದೆಯನ್ನು ಬೀದಿಗೆ ತರುವ ಯೋಗ ಬಂತೆಂದು ಒಳಗೊಳಗೇ ಖುಷಿಪಟ್ಟೆ.

ಶನಿವಾರ ನಾನು, ಲಲಿತಾ, ನನ್ನ ಜೊತೆ ಕೆಲಸ ಮಾಡುವ ಗಾರೆ ಚೆನ್ನಪ್ಪ ಮೂವರೂ ಹೋದೆವು. ಸುಧಾಕರ ಗೇಟಿನಲ್ಲೇ ನಿಂತಿದ್ದ. ತಲೆ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. "ಓಹೋ, ನೀವಾ! ನೋಡಿ ಮೇಡಂ, ಚೆನ್ನಾಗಿ ನೋಡಿ" ಎಂದ.

ನಾನು ನೇರವಾಗಿ ಕಾಂಕ್ರೀಟಿಗೆ ಕೈಹಾಕಿದೆ. ರೀಬೌಂಡ್ ಹ್ಯಾಮರ್ ಎಂಬ ಉಪಕರಣವಿದೆ. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಎಷ್ಟು ಚಿಮ್ಮುತ್ತದೆ ಎಂಬುದರಿಂದ ಅದರ ಗಟ್ಟಿತನ ಅಂದಾಜಾಗುತ್ತದೆ. ಹನ್ನೆರಡು ಕಂಬ, ತೊಲೆ, ತಾರಸಿ, ಎಲ್ಲ ಕಡೆ ಒತ್ತಿದೆ. ಎಲ್ಲ ಕಡೆಯೂ ಒಳ್ಳೆಯ ಅಂಕ ಬಂತು. ನಂಬಿಕೆಯಾಗದೆ ಇನ್ನೊಂದು ಸುತ್ತು ಹಾಕಿದೆ. ಮತ್ತೂ ಅದೇ. ಕಬ್ಬಿಣವೂ ಸರಿ, ಗಾರೆಯೂ ಸರಿ. ಮೂರು ಗಂಟೆ ಹೊತ್ತು ಮೂಲೆಮೂಲೆ ಕೆದಕಿದೆ. ಸುಧಾಕರ ಕುರ್ಚಿ ಹಾಕಿಸಿಕೊಂಡು ಕೂತು ನೋಡುತ್ತಿದ್ದ.

"ಎಂಥ ಮೇಡಂ, ಏನೂ ಸಿಗ್ಲಿಲ್ವಾ?"

ಆ ಕ್ಷಣ ಒಂದು ಸುಳ್ಳು ಅಂಕೆ ಬರೆದುಬಿಡೋಣ ಎನ್ನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು. ಆದರೆ ಸುಳ್ಳು ಅಳತೆಗೆ ಸಹಿ ಹಾಕಲಾರೆ ಎಂದೇ ಅಲ್ಲವೇ ನಾನು ಅಷ್ಟೆಲ್ಲ ಕಳೆದುಕೊಂಡದ್ದು? ಹಲ್ಲು ಕಚ್ಚಿ 'ಕಾಂಕ್ರೀಟ್ ಉತ್ತಮ' ಎಂದು ಬರೆದು ಲಲಿತಾಗೂ ಅವನಿಗೂ ತೋರಿಸಿದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಬರೆದ ಎರಡು ಪದ ಬೇರೆ ಇಲ್ಲ.

ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಅಡುಗೆಮನೆಯಿಂದ ಲಲಿತಾ ಕರೆದರು.

"ಮೇಡಂ, ಈ ಹಿಂದಿನ ಬಾಗ್ಲು ಎಂತಕ್ಕೆ ತಾನಾಗೇ ತೆರ್ಕೊಳ್ತದೆ? ಮೂರು ಸಲ ಮುಚ್ಚಿದೆ. ಗಾಳೀನೂ ಇಲ್ಲ."

ನನ್ನ ಕಿವಿ ನೆಟ್ಟಗಾಯಿತು. ಚೌಕಟ್ಟು ಲಂಬವಾಗಿದ್ದರೆ ಬಾಗಿಲು ಬಿಟ್ಟಲ್ಲೇ ನಿಲ್ಲುತ್ತದೆ. ವಾಲಿದ್ದರೆ ತಾನಾಗಿ ಚಲಿಸುತ್ತದೆ. ಚೆನ್ನಪ್ಪ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದ. ಚೌಕಟ್ಟು ಹಿತ್ತಲ ಕಡೆಗೆ ವಾಲಿತ್ತು. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಮುಂದಿನ ಕೋಣೆಗೂ ಅಡುಗೆಮನೆಗೂ ಮಟ್ಟ ನೋಡಿದೆವು. ಹಿಂಭಾಗ ಇಪ್ಪತ್ತೆರಡು ಮಿಲಿಮೀಟರ್ ಕೆಳಗಿತ್ತು. ಗೋಡೆಗಳು ಪಕ್ಕಾ ಇದ್ದವು, ಅಡಿಯ ನೆಲ ಕುಸಿದು ಕೂರುತ್ತಿತ್ತು. ಬೆಳಗಿನಿಂದ ನನ್ನ ಸಿಟ್ಟು ನನ್ನನ್ನು ಅವನ ಹಳೆಯ ಕಳ್ಳತನದ ಕಡೆಗೇ ನೋಡಿಸಿತ್ತು. ಲಲಿತಾ ಬಾಗಿಲು ಮುಚ್ಚದೆ ಹೋಗಿದ್ದರೆ, ನನ್ನ ಸಹಿ ಇಟ್ಟುಕೊಂಡೇ ಅವರು ಆ ಮನೆಗೆ ಹಾಲುಕ್ಕಿಸುತ್ತಿದ್ದರು.

"ಹಿಂದಿನ ಮೂಲೇಲಿ ಒಂದು ಗುಂಡಿ ತೋಡ್ಬೇಕು" ಎಂದೆ.

ಆಗಷ್ಟೇ 'ಉತ್ತಮ' ಎಂಬುದನ್ನು ನನ್ನ ಕೈಯಲ್ಲಿ ಬರೆಸಿಕೊಂಡ ಸುಧಾಕರನಿಗೆ ಅಹಂಕಾರ ನೆತ್ತಿಗೇರಿತ್ತು. "ತೋಡಿ ಮಾರಾಯ್ರೆ, ಬೇಕಾದ್ರೆ ಪಾತಾಳ ನೋಡಿ" ಎಂದ.

ಚೆನ್ನಪ್ಪ ಅಡಿಪಾಯದ ಪಕ್ಕ ಐದು ಅಡಿ ತೋಡಿದ. ಮೇಲಿನ ಎರಡಡಿ ಕೆಂಪು ಮಣ್ಣು, ಚೆನ್ನಾಗಿ ದಮ್ಮಸು ಮಾಡಿದ್ದು. ಅದರ ಕೆಳಗೆ ಗುದ್ದಲಿಯ ಸದ್ದೇ ಬದಲಾಯಿತು. ಬುಟ್ಟಿಯಲ್ಲಿ ಮೇಲೆ ಬಂದದ್ದು ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆಯನ್ನು ನಮ್ಮವರು ರಸ್ತೆ ಬದಿ ರಾಶಿ ಹಾಕುತ್ತಾರಲ್ಲ, ಅದೇ. ಗುಡ್ಡ ಕಡಿದ ಮಣ್ಣು ಸಾಲದೆ, ಹಿಂದಿನ ಹಳ್ಳಕ್ಕೆ ಪುಕ್ಕಟೆ ಸಿಗುವ ಸಿಪ್ಪೆ ಸುರಿದು, ಮೇಲೆ ಮಣ್ಣು ಹೊದಿಸಿದ್ದ. ಸಿಪ್ಪೆ ಕೊಳೆಯುತ್ತ ಹೋದ ಹಾಗೆ ಮೇಲಿನದು ಕೂರುತ್ತದೆ. ಮನೆಯ ಮುಂದಿನ ಅರ್ಧ ಗಟ್ಟಿ ಗುಡ್ಡದ ಮೇಲೆ, ಹಿಂದಿನ ಅರ್ಧ ಈ ಸಿಪ್ಪೆಯ ಮೇಲೆ. ಚೆನ್ನಪ್ಪ ಹಾರೆಯನ್ನು ಹಾಗೇ ಒತ್ತಿದ. ಅದು ಅಡಿಪಾಯದ ಅಡಿಗೆ ಸಲೀಸಾಗಿ ಇಳಿಯಿತು.

ಸುಧಾಕರ ಕುರ್ಚಿಯಿಂದ ಎದ್ದ. "ಲಲಿತಕ್ಕ, ಈಯಮ್ಮನಿಗೆ ನನ್ ಮೇಲೆ ಹಳೇ ದ್ವೇಷ. ಊರಿಗೇ ಗೊತ್ತು. ಇವರ ಮಾತು ಕಟ್ಕೊಂಡು ಮನೆ ಕಳ್ಕೊಬೇಡಿ."

ನಾನು ಬಾಯಿ ತೆರೆಯುವ ಮೊದಲೇ ಲಲಿತಾ ಬಗ್ಗಿ ಒಂದು ಹಿಡಿ ಸಿಪ್ಪೆ ಎತ್ತಿಕೊಂಡರು.

"ದ್ವೇಷ ಇದ್ದಿದ್ರೆ ನಿಮ್ಮ ಕಾಂಕ್ರೀಟ್ ಚೆನ್ನಾಗಿದೆ ಅಂತ ಎಂತಕ್ಕೆ ಬರೀತಿದ್ರು? ಅದನ್ನ ಬರೆದೋರು ಇದನ್ನೂ ಸುಳ್ಳು ಬರೆಯಲ್ಲ" ಎಂದು ಸಿಪ್ಪೆಯನ್ನು ಅವನ ಕಾಲ ಬಳಿ ಹಾಕಿದರು. "ಸೋಮವಾರ ನಾನು ಬರಲ್ಲ. ನಿಮ್ಮ ಹೆಂಡ್ತಿಗೆ ಹೇಳಿ, ಊಟ ಚೆನ್ನಾಗಿತ್ತು."

ಅವನ ಮುಖ ನೋಡುತ್ತಾ ನಿಂತೆ. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಎನ್ನಿಸಿತು.

ಆಷಾಢದ ಮಳೆಗೆ ಆ ಅಡುಗೆಮನೆ ಉಳಿದ ಮನೆಯಿಂದ ಬೇರ್ಪಟ್ಟಿತು. ನಡುವಿನ ಬಿರುಕಿನಲ್ಲಿ ಕೈ ತೂರಿಸಬಹುದಿತ್ತು. ಶೃಂಗೇರಿಯಿಂದ ಬಸ್ಸಿನಲ್ಲಿ ಅದನ್ನು ನೋಡುವುದಕ್ಕೆಂದೇ ಹೋದೆ, ಕೊಪ್ಪದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ಕೊಡೆ ಹಿಡಿದು ಅರ್ಧ ಗಂಟೆ ನಿಂತು ಕಣ್ತುಂಬ ನೋಡಿದೆ. ಲಲಿತಾ ಅಷ್ಟರಲ್ಲಿ ಭಂಡಿಗಡಿಯ ಹತ್ತಿರ ಹಳೆಯ ಹೆಂಚಿನ ಮನೆಯೊಂದನ್ನು ಕೊಂಡಿದ್ದರು. ಅದರ ನೆಲವನ್ನು ನಾನೇ ತೋಡಿಸಿ ನೋಡಿದ್ದೆ.

ಹೋದ ವರ್ಷ ಸುಧಾಕರನ ಫೋನು ಬಂತು. ಮಗಳು ಶೃಂಗೇರಿಯಲ್ಲಿ ಮನೆ ಕೊಳ್ಳುತ್ತಿದ್ದಾಳೆ, ನೀವೊಮ್ಮೆ ನೋಡಬೇಕು ಎಂದ. ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ, ನಿಮಗೆ ಬೇರೆ ಎಂಜಿನಿಯರ್ ಗೊತ್ತಿಲ್ವಾ?"

ಅವನು ಮೆಲ್ಲಗೆ ಹೇಳಿದ: "ಇದಾರೆ ಮೇಡಂ. ಆದ್ರೆ ಅವರೆಲ್ಲ ಆ ಮನೆ ಕಟ್ಟಿದವನ ಸ್ನೇಹಿತರು."

ಮನೆ ಕೊಳ್ಳುವ ಮೊದಲು ಪರೀಕ್ಷೆ ಯಾಕೆ ಮಾಡಿಸಬೇಕು, ಯಾರಿಂದ ಮಾಡಿಸಬೇಕು ಎಂದು ನನ್ನ ವೃತ್ತಿ ಕಲಿಸಿದ್ದನ್ನು ಅವನ ಬಾಯಿಂದಲೇ ಕೇಳಿದೆ. ಹೋದೆ. ಪೂರ್ತಿ ಒಂದು ದಿನ ನೋಡಿದೆ, ಈ ಸಲ ನೆಲದಿಂದಲೇ ಶುರುಮಾಡಿ. ಮನೆ ಚೆನ್ನಾಗಿತ್ತು, ಹಾಗೆಂದೇ ಬರೆದು ಅವನ ಮಗಳ ಕೈಗೆ ಕೊಟ್ಟೆ. ಸುಧಾಕರ ಕೈಮುಗಿದ. ನಾನು ಮುಗಿಯಲಿಲ್ಲ.